ಅಡುಗೆ ಕಟ್ಟೆಯ ಕಲ್ಲು ಕಲಿಸಿದ್ದು

ನಮ್ಮ ಮನೆಯ ಅಡುಗೆ ಕಟ್ಟೆಗೆ ಹಾಸಿರುವುದು ಚಾಮರಾಜನಗರದ ಕಪ್ಪು ಗ್ರಾನೈಟು. ತವರುಮನೆಯಲ್ಲಿ ಇಂದಿಗೂ ಇರುವುದು ಕಡಪ ಕಲ್ಲು. ಅತ್ತಿಗೆ ತಮ್ಮ ಫ್ಲ್ಯಾಟಿಗೆ ಇಷ್ಟಪಟ್ಟು ಹಾಕಿಸಿಕೊಂಡದ್ದು ಬಿಳಿ ಗ್ರಾನೈಟು. ಮೂರೂ ಕಡೆ ಅಡುಗೆ ಒಂದೇ ಬಗೆಯದು: ಹುಣಸೆರಸ, ನಿಂಬೆ, ಮಜ್ಜಿಗೆ, ಅರಿಶಿನ, ಒಗ್ಗರಣೆಯ ಎಣ್ಣೆ. ಆದರೆ ಇವನ್ನೆಲ್ಲ ಮೂರು ಕಲ್ಲುಗಳು ತಾಳಿಕೊಂಡ ರೀತಿ ಬೇರೆ ಬೇರೆ. ಈ ಅಡುಗೆಮನೆಗಳಲ್ಲಿ ಓಡಾಡಿಕೊಂಡು ನಾನು ಕಂಡುಕೊಂಡದ್ದು ಇಷ್ಟು: ಕಲ್ಲು ಗಟ್ಟಿಯೆಂದು ಸುಮ್ಮನೆ ಬಿಡುವಂತಿಲ್ಲ, ಸಿಕ್ಕ ಸಿಕ್ಕ ಬಾಟಲಿ ತಂದು ಉಜ್ಜುವಂತೆಯೂ ಇಲ್ಲ. ನಮ್ಮ ಕಟ್ಟೆಯ ಮೇಲಿರುವುದು ಯಾವ ಕಲ್ಲು ಎಂದು ಮೊದಲು ತಿಳಿಯಬೇಕು. ಆರೈಕೆ ಅಲ್ಲಿಂದಲೇ ಶುರು.

ಕಡಪ ಕಲ್ಲು ನೋಡಲು ಕಪ್ಪಗಿದ್ದರೂ ಗ್ರಾನೈಟ್ ಅಲ್ಲ, ಅದು ಸುಣ್ಣದ ಕಲ್ಲಿನ ಜಾತಿ. ಹಿಂಡಿದ ನಿಂಬೆ ಹೋಳನ್ನು ಅದರ ಮೇಲೆ ಬೋರಲು ಇಟ್ಟು ಮರೆತರೆ ಬೆಳ್ಳನೆಯ ಉಂಗುರವೊಂದು ಮೂಡುತ್ತದೆ. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕಲೆಯಲ್ಲ. ಹುಳಿ ತಗುಲಿ ಕಲ್ಲಿನ ಮೇಲ್ಮೈಯೇ ಸವೆದಿರುತ್ತದೆ. ಗ್ರಾನೈಟ್ ಇಷ್ಟು ಬೇಗ ಸೋಲುವುದಿಲ್ಲ. ಅದರಲ್ಲಿರುವ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್‌ಗಳು ಉಕ್ಕಿನ ಚಾಕುವಿಗಿಂತ ಗಟ್ಟಿ. ಕಟ್ಟೆಯ ಮೇಲೇ ತರಕಾರಿ ಹೆಚ್ಚಿದರೆ ಮೊಂಡಾಗುವುದು ಚಾಕುವೇ. ನಾವು ಕಪ್ಪು ಗ್ರಾನೈಟ್ ಎಂದು ಕರೆಯುವ ಚಾಮರಾಜನಗರದ ಕಲ್ಲನ್ನು ಭೂವಿಜ್ಞಾನಿಗಳು ಡಾಲರೈಟ್ ಎನ್ನುತ್ತಾರೆ. ಅದರ ಕಣಗಳ ನೇಯ್ಗೆ ಒತ್ತಾಗಿರುವುದರಿಂದ ನೀರು, ಎಣ್ಣೆ ಸುಲಭಕ್ಕೆ ಇಳಿಯುವುದಿಲ್ಲ. ಅತ್ತಿಗೆಯ ಬಿಳಿ ಕಲ್ಲು ಹಾಗಲ್ಲ. ತಿಳಿಬಣ್ಣದ ಎಷ್ಟೋ ಗ್ರಾನೈಟುಗಳು ಎಣ್ಣೆಯನ್ನೂ ಬಣ್ಣವನ್ನೂ ಒಳಗೆ ಎಳೆದುಕೊಳ್ಳುತ್ತವೆ.

ಯಾವ ಕಲ್ಲು ಎಷ್ಟು ಹೀರುತ್ತದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಚೆನ್ನಾಗಿ ಒಣಗಿದ ಕಟ್ಟೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಒರೆಸಿದ ಮೇಲೆ ಹನಿ ಇದ್ದ ಜಾಗ ಕಪ್ಪಾಗಿ ಕಂಡರೆ ಆ ಕಲ್ಲಿಗೆ ಹೀರುವುದನ್ನು ತಗ್ಗಿಸುವ ಸೀಲರ್ ಬೇಕು. ಏನೂ ಕಾಣದಿದ್ದರೆ ಬೇಡ. ನಮ್ಮ ಕಪ್ಪು ಕಲ್ಲಿಗೆ ಅದರ ಅಗತ್ಯ ಬಿದ್ದಿಲ್ಲ. ಅತ್ತಿಗೆ ಮಾತ್ರ ವರ್ಷಕ್ಕೊಮ್ಮೆ ಹನಿ ಬಿಟ್ಟು ನೋಡಿ, ಬೇಕೆನಿಸಿದರೆ ಬಳಿಯುತ್ತಾರೆ. ಕಟ್ಟೆ ತೊಳೆದು ಒಂದು ದಿನ ಪೂರ್ತಿ ಒಣಗಬೇಕು. ಸೀಲರನ್ನು ಬಟ್ಟೆಯಲ್ಲಿ ಸಮನಾಗಿ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮೇಲೆ ಉಳಿದದ್ದು ಒಣಗುವ ಮೊದಲೇ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮಬ್ಬು ಪೊರೆ ಕೂರುತ್ತದೆ. ಸೀಲರ್ ಹಾಕಿದ ಮಾತ್ರಕ್ಕೆ ಕಲೆಯೇ ಆಗುವುದಿಲ್ಲ ಎಂದಲ್ಲ. ಚೆಲ್ಲಿದ್ದನ್ನು ಒರೆಸಲು ನಮಗೆ ಸ್ವಲ್ಪ ಹೊತ್ತು ಸಿಗುತ್ತದೆ, ಅಷ್ಟೆ.

ಎಣ್ಣೆ ಇಳಿದ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ದಿನ ಬಿಡಬೇಕು. ಆಮೇಲೆ ಹಾಳೆ ತೆಗೆದರೆ, ಒಣಗುತ್ತಾ ಅದು ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಬೇಕು. ಅರಿಶಿನದ ಗುಣ ಬೇರೆ. ಅದಕ್ಕೆ ಸೋಪೋ ಸೋಡಾವೋ ತಗುಲಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಓಕುಳಿ ಮಾಡುವವರಿಗೆ ಇದು ಗೊತ್ತಿರುವ ಸಂಗತಿಯೇ. ಬಿಳಿ ಕಲ್ಲಿನ ಮೇಲಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ ಇಟ್ಟರೆ ಹಳದಿ ತಿಳಿಯಾಗುತ್ತದೆ. ಕಪ್ಪು ಕಲ್ಲಿಗೆ ಅದನ್ನು ಬಳಸಬಾರದು.

ಬೋರ್‌ವೆಲ್ ನೀರಿನ ಊರುಗಳಲ್ಲಿ ನಲ್ಲಿಯ ಬುಡದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದನ್ನು ತೆಗೆಯಲು ಬಚ್ಚಲು ತೊಳೆಯುವ ಆಸಿಡ್ ತರುವವರನ್ನು ನೋಡಿದ್ದೇನೆ. ಹಕ್ಕಳೆಯೇನೋ ಹೋಗುತ್ತದೆ, ಜೊತೆಗೆ ಹೊಳಪೂ ಹೋಗುತ್ತದೆ. ತಿಳಿಬಣ್ಣದ ಕಲ್ಲಾದರೆ ಅದರೊಳಗಿನ ಕಬ್ಬಿಣದ ಅಂಶ ತುಕ್ಕಿನ ಬಣ್ಣಕ್ಕೆ ತಿರುಗುವುದೂ ಉಂಟು. ನಾನು ಒದ್ದೆ ಬಟ್ಟೆಯನ್ನು ಹಕ್ಕಳೆಯ ಮೇಲೆ ಹೊದಿಸಿ ನೆನೆಯಲು ಬಿಟ್ಟು, ಹಳೆಯ ಬ್ಲೇಡನ್ನು ಕಲ್ಲಿಗೆ ಅಂಟಿದಂತೆ ಮಲಗಿಸಿ ಕೆರೆಯುತ್ತೇನೆ. ಪುಡಿ ಪುಡಿಯಾಗಿ ಎದ್ದು ಬರುತ್ತದೆ, ಗ್ರಾನೈಟಿಗೆ ಗೀರು ಬೀಳುವುದಿಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ, ಹಳೆಯ ಪಂಚೆಯ ಒಣ ತುಂಡಿನಿಂದ ಇನ್ನೊಮ್ಮೆ ಒರೆಸಿದರೆ ಹಕ್ಕಳೆ ಕಟ್ಟುವುದೇ ಕಡಿಮೆ. ಮಿಕ್ಸಿಯನ್ನೂ ಎಣ್ಣೆ ಬಾಟಲಿಯನ್ನೂ ಎತ್ತಿ ಅಡಿಯಲ್ಲೂ ಒರೆಸಬೇಕು. ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ಇಳಿಸಿ ಕಿಟಕಿಯ ಬೆಳಕಿಗೆ ಎದುರಾಗಿ ನೋಡಿದರೆ ನಿಂತಾಗ ಕಾಣದ ಜಿಡ್ಡು, ಸೋಪಿನ ಪೊರೆ ಎಲ್ಲ ಕಾಣುತ್ತವೆ. ಎಷ್ಟೋ ಸಲ ಪಾಲಿಶ್ ಹೋಗಿದೆ ಎಂದುಕೊಳ್ಳುವುದು ಈ ಪೊರೆಯನ್ನು ನೋಡಿಯೇ.

ಬಿರುಕಿನ ವಿಷಯ ಬೇರೆ. ನಮ್ಮ ಮನೆಗೆ ಕಲ್ಲು ಕೂರಿಸಲು ಬಂದವರು ಸಿಂಕಿನ ಮುಂದಿನ ಕಿರಿದಾದ ಪಟ್ಟಿಯ ಮೇಲೆ ಬೆರಳಿಟ್ಟು, "ಕಲ್ಲು ಭಾರ ಹೊರುತ್ತೆ ಮೇಡಂ, ಬಾಗೋದಿಲ್ಲ. ಒಡೆದ್ರೆ ಇಲ್ಲೇ ಒಡೆಯೋದು" ಎಂದಿದ್ದರು. ಆ ಮಾತು ನನಗೆ ಇಂದಿಗೂ ದಾರಿ. ಅಟ್ಟದ ಡಬ್ಬ ಇಳಿಸಲು ಕಟ್ಟೆ ಹತ್ತಿ ನಿಲ್ಲಬಾರದು. ಕಟ್ಟೆಯ ಅಂಚಿಗೆ ತೆಂಗಿನಕಾಯಿ ಒಡೆಯಬಾರದು. ಕುಟ್ಟಾಣಿಯನ್ನು ನೆಲದ ಮೇಲಿಟ್ಟೇ ಕುಟ್ಟಬೇಕು. ಬಿಸಿ ಪಾತ್ರೆಗೆ ಗ್ರಾನೈಟ್ ಸುಡುವುದಿಲ್ಲವಾದರೂ ಒಲೆಯಿಂದ ಇಳಿಸಿದ ಬಾಣಲೆಯನ್ನು ಸಿಂಕಿನ ಪಟ್ಟಿಯ ಮೇಲೋ ಜಾಯಿಂಟಿನ ಮೇಲೋ ಇಡದೆ ಸಿಂಬೆಯ ಮೇಲೆ ಇಡುವುದು ಒಳ್ಳೆಯದು.

ಕಲ್ಲಿಗಿಂತ ಮೊದಲು ಸೋಲುವುದು ಸಂದು. ಗೋಡೆಯ ಟೈಲ್ಸಿಗೂ ಕಟ್ಟೆಗೂ ನಡುವೆ ತುಂಬಿದ ವೈಟ್ ಸಿಮೆಂಟ್ ಕ್ರಮೇಣ ಉದುರುತ್ತದೆ. ನೀರು ಅಲ್ಲಿಂದ ಇಳಿದು ಕೆಳಗಿನ ಕಪಾಟಿನ ಪ್ಲೈವುಡ್ ಉಬ್ಬಿಸುತ್ತದೆ, ಜಿರಲೆಗೂ ಅದೇ ದಾರಿ. ಸಿಂಕಿನ ಕೆಳಗೆ ಟಾರ್ಚ್ ಹಿಡಿದು ಆಗಾಗ ನೋಡಿ. ತೇವ ಕಂಡರೆ ಹಳೆಯದನ್ನು ಕೆರೆದು, ಒಣಗಿಸಿ, ಸಿಲಿಕೋನ್ ತುಂಬಿಸಿ. ಇದರ ಖರ್ಚು ಅಲ್ಪ, ಕಪಾಟು ಬದಲಿಸುವ ಖರ್ಚು ಅಲ್ಪವಲ್ಲ.

ಹೊಸದಾಗಿ ಮನೆ ಕಟ್ಟುತ್ತಿರುವವರಲ್ಲಿ ನನ್ನದೊಂದು ವಿನಂತಿ. ಅಂಗಡಿಯ ದೀಪದ ಹೊಳಪು ನೋಡಿ ಕಲ್ಲು ಆರಿಸಬೇಡಿ. ಒಂದು ಚೂರು ಕೇಳಿ ಮನೆಗೆ ತನ್ನಿ, ನಿಂಬೆರಸ, ಎಣ್ಣೆ, ಅರಿಶಿನ ಹಚ್ಚಿ ಒಂದು ರಾತ್ರಿ ಬಿಡಿ. ಕಪ್ಪು ಕಲ್ಲಾದರೆ ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಬಿಳಿ ಬಟ್ಟೆ ಅದ್ದಿ ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ ಎಂದರ್ಥ. ಕೊನೆಯದಾಗಿ, ಸಿಂಕಿಗಾಗಿ ಕೊಯ್ದು ತೆಗೆದ ತುಂಡನ್ನು ಕೆಲಸದವರಿಂದ ಕೇಳಿ ಇಟ್ಟುಕೊಳ್ಳಿ. ಅದೂ ನಿಮ್ಮ ಕಟ್ಟೆಯದೇ ಕಲ್ಲು. ಯಾವ ಹೊಸ ದ್ರಾವಣ ತಂದರೂ ಮೊದಲು ಅದರ ಮೇಲೆ ಹಾಕಿ ನೋಡಿ, ಆಮೇಲೆ ಕಟ್ಟೆಗೆ ಬಳಸಿ.