ಕುಕ್ಕುರುಗಾಲಿನ ಕೆಲಸ

ಇಷ್ಟು ದಿನ ಚೆಂಡು ಎಸೀತಿದ್ದ ಹುಡುಗನನ್ನ ಕೋಚು ಹಿಂದೆ ಕೂರಿಸಿ ಮಾಸ್ಕ್ ತೊಡಿಸಿದ್ದಾರೆ, ಇದು ಹಿಂಬಡ್ತಿಯಲ್ಲವೇ ಅಂತ ನಿನ್ನಮ್ಮನ ಕೊರಗು. ನೀನೋ, ಆಡಿದರೆ ಇನ್ನು ಕ್ಯಾಚರ್ ಆಗಿಯೇ, ಅದೇ ನನ್ನ ಉದ್ಯೋಗ ಅಂತ ಹೊರಟಿದ್ದೀಯಂತೆ. ಅಕ್ಕನಿಗೆ ಸಮಾಧಾನ ಆಮೇಲೆ ಹೇಳ್ತೀನಿ. ಮೊದಲು ನಿನ್ನ ಹತ್ತಿರ ಮಾತಾಡಬೇಕು. ನಾನು ಬೇಸ್‌ಬಾಲ್ ಆಡಿದವನಲ್ಲ. ಸೇಂಟ್ ಲೂಯಿಸ್‌ಗೆ ಬಂದು ನೆಲೆಸಿದ ಮೇಲೆ ಕಾರ್ಡಿನಲ್ಸ್ ಆಟ ನೋಡ್ತಾ ನೋಡ್ತಾ ತಲೆ ನರೆತವನು, ಅಷ್ಟೇ. ಅದರಲ್ಲೂ ಕಣ್ಣು ನೆಟ್ಟು ನೋಡಿದ್ದು ಒಬ್ಬನನ್ನೇ, ಅವರ ಕ್ಯಾಚರ್ ಯಾಡಿಯರ್ ಮೊಲಿನಾನನ್ನ.

2006ರಲ್ಲಿ ಅವನ ಬ್ಯಾಟಿಂಗ್ ಸರಾಸರಿ ಎಷ್ಟಿತ್ತು ಗೊತ್ತಾ? .216. ಐದು ಸಲ ಬ್ಯಾಟು ಹಿಡಿದರೆ ಒಂದು ಸಲ ಹಿಟ್, ಅದೂ ಕಷ್ಟಪಟ್ಟು. ಬೇರೆ ಜಾಗದಲ್ಲಿ ಆಡೋನಾಗಿದ್ದರೆ ಈ ಲೆಕ್ಕಕ್ಕೆ ಬೆಂಚೇ ಗತಿ. ಇವನನ್ನ ಯಾರೂ ಕದಲಿಸಲಿಲ್ಲ. ಯಾಕೆ ಅನ್ನೋದು ಆ ವರ್ಷ ಅಕ್ಟೋಬರ್ 19ರ ರಾತ್ರಿ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಗೊತ್ತಾಯ್ತು. ಮೆಟ್ಸ್ ಎದುರು ಏಳನೇ ಪಂದ್ಯ, ಗೆದ್ದವರಿಗೆ ವರ್ಲ್ಡ್ ಸೀರೀಸ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಮೊಲಿನಾನೇ ಹೋಮ್ ರನ್ ಹೊಡೆದು 3–1 ಮಾಡಿದ. ಎಲ್ಲರೂ ನೆನೆಯೋದು ಆ ಹೊಡೆತವನ್ನ. ನಾನು ನೆನೆಯೋದು ಆಮೇಲಿನದನ್ನ. ಮೆಟ್ಸ್ ಸರದಿ, ಎರಡು ಔಟ್, ಮೂರು ಬೇಸ್‌ನಲ್ಲೂ ಜನ, ಬ್ಯಾಟು ಹಿಡಿದು ನಿಂತವನು ಕಾರ್ಲೋಸ್ ಬೆಲ್ಟ್ರಾನ್. ಎಸೆಯೋನು ಆ್ಯಡಂ ವೇನ್‌ರೈಟ್, ಹೊಸ ಹುಡುಗ. ಮೊಲಿನಾ ಎದ್ದು ಅವನ ಹತ್ತಿರ ನಡೆದು ಹೋದ, ಏನೋ ಹೇಳಿದ, ವಾಪಸ್ ಬಂದು ಕೂತ. ಮೂರೇ ಎಸೆತ. ಕೊನೆಯದು ಕರ್ವ್‌ಬಾಲ್, ಬೆಲ್ಟ್ರಾನ್ ಬ್ಯಾಟು ಎತ್ತಲೇ ಇಲ್ಲ. ಅಂಕಪಟ್ಟಿಯಲ್ಲಿ ಆ ಸ್ಟ್ರೈಕ್‌ಔಟ್ ವೇನ್‌ರೈಟ್ ಹೆಸರಿಗಿದೆ. ಮೊಲಿನಾಗೆ ಅದರಿಂದ ಹೆಸರು ತರೋ ಅಂಥದ್ದೇನೂ ದಕ್ಕಲಿಲ್ಲ.

ನಿನಗೆ ನಾನು ಹೇಳಬೇಕಾದ್ದು ಇಷ್ಟೇ ಕಣೋ. ಈ ಕೆಲಸದ ಫಲ ಬಹುಪಾಲು ಇನ್ನೊಬ್ಬನ ಖಾತೆಗೆ ಜಮಾ ಆಗುತ್ತೆ. ಇನ್ನೊಬ್ಬನ ಅಂಕಿ ನೋಡಿ ಒಳಗೊಳಗೇ ಖುಷಿಪಡೋ ಸ್ವಭಾವ ನಿನಗಿದ್ದರೆ ಮಾಸ್ಕ್ ಹಾಕು. ಇಲ್ಲದಿದ್ದರೆ ಈಗಲೇ ಬಿಟ್ಟು ಔಟ್‌ಫೀಲ್ಡ್‌ಗೆ ಹೋಗು, ಅದರಲ್ಲಿ ಅವಮಾನವೇನೂ ಇಲ್ಲ. ಆ ಸ್ವಭಾವ ಕಲಿಸಿ ಬರೋದಲ್ಲ ಅಂತ ನನ್ನ ಗುಮಾನಿ.

ನಮ್ಮೂರಿನವರಿಗೆ ಹೇಳುವಾಗ ಕ್ಯಾಚರ್ ಅಂದ್ರೆ ವಿಕೆಟ್‌ಕೀಪರ್ ಇದ್ದ ಹಾಗೆ ಅಂತ ಹೇಳಿ ಮುಗಿಸ್ತೀವಿ. ಅರ್ಧ ಸರಿ. ಚಂದ್ರಶೇಖರ್ ಎಸೆತಕ್ಕೆ ಕಿರ್ಮಾನಿ ಹಿಂದೆ ಕೂತಿರೋರು. ಚೆಂಡು ಯಾವ ಕಡೆ ತಿರುಗುತ್ತೆ ಅನ್ನೋದನ್ನ ಊಹಿಸಬೇಕಿತ್ತು, ತೀರ್ಮಾನ ಮಾಡ್ತಿದ್ದದ್ದು ಚಂದ್ರ. ಇಲ್ಲಿ ತಿರುವುಮುರುವು. ಯಾವ ಎಸೆತ, ಯಾವ ಜಾಗಕ್ಕೆ ಅಂತ ಸನ್ನೆ ಕೊಡೋನು ಕೂತವನೇ. ಮೊದಲು ತೊಡೆ ಮಧ್ಯೆ ಬೆರಳು ತೋರಿಸ್ತಿದ್ದರು, 2022ರಿಂದ ಪಿಚ್‌ಕಾಮ್ ಅನ್ನೋ ಗುಂಡಿಯ ಪೆಟ್ಟಿಗೆ ಬಂತು. ಸಾಧನ ಬದಲಾಯ್ತು, ತಲೆ ಓಡಿಸೋದು ತಪ್ಪಲಿಲ್ಲ. ಎದುರು ತಂಡದ ಒಂಬತ್ತು ಜನ ಬ್ಯಾಟರ್‌ಗಳ ಚಾಳಿ, ನಿನ್ನ ಪಿಚರ್‌ನ ಇವತ್ತಿನ ಮನಸ್ಸು, ಅವನ ಬೆರಳಿನ ಬೊಕ್ಕೆ, ಹಿಂದೆ ನಿಂತ ಅಂಪೈರ್‌ನ ಮರ್ಜಿ, ಎಲ್ಲ ಒಂದೇ ತಲೆಯಲ್ಲಿರಬೇಕು. ಅದಕ್ಕೇ ಈ ಜಾಗದಿಂದ ಇಷ್ಟೊಂದು ಮ್ಯಾನೇಜರ್‌ಗಳು ಬಂದದ್ದು. ಜೋ ಟೋರಿ, ಮೈಕ್ ಸೋಷಿಯಾ, ನಾಲ್ಕು ವರ್ಲ್ಡ್ ಸೀರೀಸ್ ಗೆಲ್ಲಿಸಿದ ಬ್ರೂಸ್ ಬೋಚಿ, ಎಲ್ಲರೂ ಹಿಂದೆ ಕೂತವರೇ.

ಆದ್ದರಿಂದ ಮೊದಲ ಕೆಲಸ, ಸ್ಪ್ಯಾನಿಷ್ ಕಲಿ. ತಮಾಷೆಯಲ್ಲ. ವೃತ್ತಿ ಲೀಗಿಗೆ ಹೋದರೆ ನಿನ್ನ ಪಿಚರ್‌ಗಳಲ್ಲಿ ಎಷ್ಟೋ ಜನ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರು, ಹದಿನೇಳು ಹದಿನೆಂಟಕ್ಕೇ ಮನೆ ಬಿಟ್ಟು ಬಂದವರು. ಮೂರು ಜನ ಬೇಸ್‌ನಲ್ಲಿದ್ದಾಗ ಅಂಥವನ ಹತ್ತಿರ ಹೋಗಿ ಅವನ ಭಾಷೆಯಲ್ಲಿ ಒಂದು ಮಾತಾಡೋಕೆ ಬಂದರೆ ನಿನ್ನ ತೋಳಿನ ಬಲಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ನಿಭಾಯಿಸಿದವನು ನೀನು, ಮೂರನೆಯದು ಭಾರವಲ್ಲ.

ತೋಳಿನ ವಿಚಾರ ಕೋಚು ಹೇಳಿರ್ತಾರೆ. ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್‌ಗೆ 127 ಅಡಿ. ಚೆಂಡು ನಿನ್ನ ಗ್ಲವ್‌ಗೆ ಬಿದ್ದು, ನೀನೆದ್ದು ಎಸೆದು, ಅಲ್ಲಿನವನ ಕೈ ಸೇರೋಕೆ ಎರಡು ಸೆಕೆಂಡು. ಅದಕ್ಕಿಂತ ಕಮ್ಮಿಯಾದರೆ ಸ್ಕೌಟುಗಳು ತಲೆ ಎತ್ತಿ ನೋಡ್ತಾರೆ. ಇನ್ನು ಫ್ರೇಮಿಂಗ್. ಅಂಚಿಗೆ ಬಿದ್ದ ಚೆಂಡನ್ನ ನಯವಾಗಿ ಹಿಡಿದು ಅಂಪೈರ್ ಕಣ್ಣಿಗೆ ಸ್ಟ್ರೈಕ್ ಅನ್ನಿಸೋ ಕಲೆ. ಅದನ್ನೇ ನಂಬಿ ಕೂರಬೇಡ. 2026ರಿಂದ ದೊಡ್ಡ ಲೀಗಿನಲ್ಲೂ ಅಂಪೈರ್ ತೀರ್ಪನ್ನ ಯಂತ್ರದ ಮುಂದೆ ಪ್ರಶ್ನಿಸೋ ಪದ್ಧತಿ ಬಂದಿದೆ. ಪ್ರಶ್ನಿಸೋ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೇ. ಅಲ್ಲೂ ನೋಡು, ಚೆಂಡನ್ನ ಎಲ್ಲರಿಗಿಂತ ಚೆನ್ನಾಗಿ ಕಂಡಿರೋನು ನೀನೇ. ಪ್ರಶ್ನಿಸೋಕೆ ಯಾವಾಗ ತಲೆ ತಟ್ಟಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದೇ ಇನ್ನು ಮುಂದೆ ವಿದ್ಯೆ.

ದೇಹದ ಮಾತಿಗೆ ಬಾ. ಒಂದು ಪಂದ್ಯಕ್ಕೆ ನೂರೈವತ್ತರ ಆಸುಪಾಸು ಎಸೆತ, ಅಷ್ಟಕ್ಕೂ ಕುಕ್ಕುರುಗಾಲಲ್ಲಿ ಕೂತು ಏಳಬೇಕು. ಮಂಡಿ, ಸೊಂಟ, ಹೆಬ್ಬೆರಳು, ಮೂರೂ ಮೂವತ್ತಕ್ಕೇ ಮುದಿಯಾಗುತ್ತವೆ. ಮೊಲಿನಾಗೆ 2018ರಲ್ಲಿ ಗಂಟೆಗೆ 102 ಮೈಲಿ ವೇಗದ ಚೆಂಡು ಬ್ಯಾಟಿಗೆ ಸವರಿ ಬಂದು ಹೇಳಬಾರದ ಜಾಗಕ್ಕೆ ಬಡಿದು ಶಸ್ತ್ರಚಿಕಿತ್ಸೆಯಾಯ್ತು; ಒಂದು ತಿಂಗಳಿಗೆ ಮತ್ತೆ ಬಂದು ಕೂತ. ಜನ ಇದನ್ನ ಹೊಗಳ್ತಾರೆ. ನೀನು ಹೊಗಳಬೇಡ, ಆ ಜಾಗ ಕಾಯೋ ಒಳ್ಳೆಯ ಕಪ್ ಕೊಂಡ್ಕೋ.

ಮೂಳೆ ಮುರಿದರೆ ಕೂಡಿಕೊಳ್ಳುತ್ತೆ. 2011ರ ಮೇನಲ್ಲಿ ಕ್ಯಾಚರ್ ಬಸ್ಟರ್ ಪೋಸಿಗೆ ಹೋಮ್ ಪ್ಲೇಟ್‌ನಲ್ಲಿ ಓಟಗಾರ ಡಿಕ್ಕಿ ಹೊಡೆದು ಕಾಲು ಮುರಿದು ಪಾದದ ಸ್ನಾಯುಬಂಧ ಹರಿಯಿತು. ಮರುವರ್ಷ ಅವನೇ ಲೀಗಿನ ಶ್ರೇಷ್ಠ ಆಟಗಾರ. ಅಂಥ ಡಿಕ್ಕಿಗೆ 2014ರಲ್ಲಿ ನಿಯಮವೇ ಕಡಿವಾಣ ಹಾಕಿತು. ತಲೆಯದ್ದು ಹಾಗಲ್ಲ. ಮೂರು ಸಲ ಬ್ಯಾಟಿಂಗ್ ಕಿರೀಟ ಗೆದ್ದ ಮಿನೆಸೋಟಾದ ಜೋ ಮೌಯರ್, 2013ರಲ್ಲಿ ಮಾಸ್ಕ್‌ಗೆ ಚೆಂಡು ಬಡಿದು ತಲೆಗೆ ಪೆಟ್ಟಾದ ಮೇಲೆ ಕ್ಯಾಚರ್ ಕೆಲಸ ಬಿಟ್ಟ, ಫಸ್ಟ್ ಬೇಸ್‌ಗೆ ಹೋದ. ಮೊಲಿನಾಗೂ ಮೊದಲು ಇಲ್ಲಿ ಕೂರ್ತಿದ್ದ ಮೈಕ್ ಮೆಥನಿಯ ಆಟ ಮುಗಿದದ್ದೂ ತಲೆಯ ಪೆಟ್ಟಿನಿಂದಲೇ. ಮಾಸ್ಕ್‌ಗೆ ಬಡಿದ ಮೇಲೆ ಕಣ್ಣು ಮಂಜಾಯ್ತೋ, ವಾಕರಿಕೆ ಬಂತೋ, ಆ ಕ್ಷಣ ಕೈ ಎತ್ತು. ಗಂಡಸುತನ, ತಂಡದ ಮಾನ ಅಂತ ಯಾರಾದರೂ ಅಂದರೆ ನನಗೆ ಫೋನ್ ಹಚ್ಚು, ಅವರ ಹತ್ತಿರ ನಾನು ಮಾತಾಡ್ತೀನಿ. ಈ ಒಂದು ವಿಷಯದಲ್ಲಿ ನಿನ್ನ ಇಷ್ಟ ನಾನು ಕೇಳೋದಿಲ್ಲ.

ಹಣದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 2023ರ ಒಪ್ಪಂದದಲ್ಲಿ ಕೆಳಗಿನ ಸಿಂಗಲ್-ಎ ಲೀಗಿನವನಿಗೆ ವರ್ಷಕ್ಕೆ ಕನಿಷ್ಠ 26,200 ಡಾಲರ್, ಮೇಲಿನ ಟ್ರಿಪಲ್-ಎಯಲ್ಲಿ 35,800. ದೊಡ್ಡ ಲೀಗಿನ ಕನಿಷ್ಠ ಅದೇ ವರ್ಷ 7,20,000. ನಡುವಿನ ಮೆಟ್ಟಿಲುಗಳನ್ನ ಬಸ್ಸಿನಲ್ಲಿ ತೂಕಡಿಸ್ತಾ ಹತ್ತಬೇಕು, ಹೆಚ್ಚಿನವರು ಹತ್ತಿ ಮುಗಿಸೋದಿಲ್ಲ. ಒಂದು ಸಮಾಧಾನ ಉಂಟು: ಪ್ರತಿ ತಂಡಕ್ಕೂ ಇಬ್ಬರು ಕ್ಯಾಚರ್ ಬೇಕೇ ಬೇಕು. ಬ್ಯಾಟು ಅಷ್ಟಕ್ಕಷ್ಟೇ ಇದ್ದರೂ ಪಿಚರ್‌ಗಳು ಮೆಚ್ಚಿಕೊಂಡವನು ಎರಡನೆಯವನಾಗಿಯೇ ಮೂವತ್ತೈದು ದಾಟ್ತಾನೆ. ಮೊಲಿನಾ 2004ರಿಂದ 2022ರವರೆಗೆ ಒಂದೇ ತಂಡಕ್ಕೆ 2,184 ಪಂದ್ಯ ಹಿಂದೆ ಕೂತ. ವೇನ್‌ರೈಟ್ ಜೊತೆ 328 ಪಂದ್ಯ ಆರಂಭಿಸಿ ಡೆಟ್ರಾಯಿಟ್‌ನ ಲೋಲಿಚ್–ಫ್ರೀಹಾನ್ ಜೋಡಿಯ 324ರ ದಾಖಲೆ ಮುರಿದ. ಆ ಎರಡನೇ ಅಂಕಿ ನನಗೆ ಹೆಚ್ಚು ಇಷ್ಟ, ಅದರಲ್ಲಿ ಇಬ್ಬರ ಹೆಸರಿದೆ.

ಹೈಸ್ಕೂಲು ಮುಗಿದ ಕೂಡಲೇ ಯಾವುದಾದರೂ ತಂಡ ಕರೆದರೆ ಹೋಗಲೋ, ಕಾಲೇಜಿಗೆ ಸೇರಲೋ ಅಂತ ನೀನು ಕೇಳಿದೆಯಂತೆ. ನನ್ನ ಮತ ಕಾಲೇಜಿಗೆ. ಮೊಲಿನಾ ಹದಿನೆಂಟಕ್ಕೇ ಹೋದ ನಿಜ, ಆದರೆ ಅವನ ಇಬ್ಬರು ಅಣ್ಣಂದಿರೂ ಕ್ಯಾಚರ್‌ಗಳು, ಮನೆಯೇ ಪಾಠಶಾಲೆ. ನಮ್ಮ ಮನೆಯಲ್ಲಿ ಅಂಥವರಿಲ್ಲ. ಪೋಸಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಶಾರ್ಟ್‌ಸ್ಟಾಪ್ ಆಗಿ ಸೇರಿ ಎರಡನೇ ವರ್ಷ ಅಲ್ಲೇ ಮಾಸ್ಕ್ ತೊಟ್ಟ. ತಡವಾಯ್ತು ಅಂತ ಯಾರೂ ಅನ್ನಲಿಲ್ಲ. ಕಾಲೇಜಿನ ಕೋಚುಗಳು ಮನೆಗೆ ಬಂದಾಗ ನಿಮ್ಮಪ್ಪ ಸ್ಕಾಲರ್‌ಶಿಪ್ ಎಷ್ಟು ಅಂತ ಕೇಳ್ತಾರೆ, ಕೇಳಲಿ. ನೀನು ಕೇಳಬೇಕಾದ್ದು ಬೇರೆ: ಎಸೆತಕ್ಕೆ ಸನ್ನೆ ಕೊಡೋದು ನಿಮ್ಮ ಕ್ಯಾಚರೋ, ಡಗ್‌ಔಟ್‌ನಲ್ಲಿ ಕೂತ ನೀವೋ? ಎಷ್ಟೋ ಕಾಲೇಜುಗಳಲ್ಲಿ ಕೋಚೇ ಸನ್ನೆ ಕಳಿಸ್ತಾರೆ, ಹುಡುಗ ಬರೀ ಟಪಾಲಿನವನು. ನಾವೇ ಅಂತ ಅಂದರೆ ಮುನಿಸಿಕೊಳ್ಳಬೇಡ, ಇನ್ನೊಂದು ಪ್ರಶ್ನೆ ಕೇಳು: ಮೂರನೇ ವರ್ಷಕ್ಕಾದರೂ ಅದನ್ನ ನನ್ನ ಕೈಗೆ ಬಿಡ್ತೀರಾ? ಅದಕ್ಕೆ ಬರೋ ಉತ್ತರವನ್ನ ಬರೆದಿಟ್ಟುಕೋ, ಸ್ಕಾಲರ್‌ಶಿಪ್ ಮೊತ್ತದ ಪಕ್ಕದಲ್ಲೇ.