ಒಲೆಯ ಹೊಗೆ ಯಾರ ಪಾಲು?

‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಗೆ ಹೆಚ್ಚಾದರೆ ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಎಂಬುದನ್ನು ಮಾತ್ರ ನಾವು ಗಮನಿಸುವುದು ಕಡಿಮೆ. ಸೌದೆ ಹಸಿಯಾಗಿದ್ದರೆ ಅದರ ನೀರು ಆರಿಸುವುದಕ್ಕೇ ಶಾಖ ಖರ್ಚಾಗುತ್ತದೆ. ಗಾಳಿ ಸಾಲದಿದ್ದರೂ ಉರಿ ತಗ್ಗುತ್ತದೆ. ಆಗ ಪೂರ್ತಿ ಉರಿಯದೆ ಉಳಿದದ್ದು ಮಸಿಯಾಗಿ, ಹೊಗೆಯಾಗಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಅಡುಗೆಮನೆಯನ್ನು ತುಂಬುತ್ತದೆ.

ಗೋಡೆಗೆ ಹತ್ತುವ ಮಸಿಗಿಂತ ಕಣ್ಣಿಗೆ ಕಾಣದ ಕಣಗಳು ಹೆಚ್ಚು ಅಪಾಯಕಾರಿ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿದೆ. ಸೌದೆ ಒಲೆ ಉರಿಯುವ ಇಕ್ಕಟ್ಟಿನ ಅಡುಗೆಮನೆಯಲ್ಲಿ ಅದು ನೂರಾರು ಮೈಕ್ರೋಗ್ರಾಂ ಮುಟ್ಟುತ್ತದೆ. ಮಕ್ಕಳಿಗೆ ನ್ಯುಮೋನಿಯ, ದೊಡ್ಡವರಿಗೆ ದಮ್ಮು, ಹೃದ್ರೋಗ, ಪಾರ್ಶ್ವವಾಯು ಇದರಿಂದ ಹೆಚ್ಚುತ್ತವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಮನೆಯೊಲೆಗಳ ಮಾಲಿನ್ಯದಿಂದ ಸತ್ತರೆಂದು ಅದೇ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಊಟ ಮನೆಯವರೆಲ್ಲರದು. ಹೊಗೆ ಮಾತ್ರ ಒಲೆಯ ಮುಂದೆ ಕೂತ ತಾಯಿಯದು, ಅವಳ ಮಡಿಲ ಕೂಸಿನದು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಅಡುಗೆಯ ಹೊಗೆಯಿಂದ ಕಾಯಿಲೆ ಬೀಳುವವರನ್ನು ನೆನೆದದ್ದು ಇದಕ್ಕಾಗಿಯೇ ಅಲ್ಲವೆ?

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಎಷ್ಟೋ ಬಡಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಸಿಲಿಂಡರಿನ ದುಡ್ಡು ಉಳಿಸಲೆಂದು ಅನ್ನಕ್ಕೆ, ಸ್ನಾನದ ನೀರಿಗೆ ಸೌದೆಯನ್ನೇ ಉರಿಸುವವರಿದ್ದಾರೆ. ಆ ಉಳಿತಾಯದ ಲೆಕ್ಕದಲ್ಲಿ ಮನೆಯಾಕೆಯ ಕೆಮ್ಮಿನ ಔಷಧಿಯನ್ನೂ ಸೇರಿಸಬೇಕು.

ಸೌದೆ ಬಿಡಲಾಗದವರು ಇಷ್ಟಾದರೂ ಮಾಡಬಹುದು:

1. ಮಳೆಗಾಲಕ್ಕೆ ಮುಂಚೆಯೇ ಸೌದೆ ಸೀಳಿ, ಒಣಗಿಸಿ, ಸೂರಿನಡಿ ಒಟ್ಟಿರಿ.

2. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್, ರಬ್ಬರ್ ಬಳಸಬೇಡಿ.

3. ಅಡುಗೆಯ ಹೊತ್ತಿನಲ್ಲಿ ಬಾಗಿಲು, ಕಿಟಕಿ ತೆರೆದಿಡಿ. ಕೂಸನ್ನು ಬೇರೆಯವರು ಎತ್ತಿಕೊಳ್ಳಲಿ.

4. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯಂಥ, ಹೊಗೆಕೊಳವೆಯಿರುವ ಒಲೆ ಕಟ್ಟಿಸಿಕೊಳ್ಳಿ. ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ.

5. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಕೊಳವೆಯಿಂದ ಹೊರಬಿದ್ದ ಹೊಗೆ ಮಾಯವಾಗುವುದಿಲ್ಲ, ನೆರೆಮನೆಯ ಅಂಗಳಕ್ಕೆ ಹೋಗುತ್ತದೆ. ಆದುದರಿಂದ ಸಾಧ್ಯವಾದಷ್ಟು ಗ್ಯಾಸಿನಲ್ಲೇ ಅಡುಗೆಯಾಗಲಿ.

ಚರ್ಚೆಗೆ: ನಮ್ಮ ಮನೆಯಲ್ಲಿ ಸಿಲಿಂಡರ್ ಯಾವಾಗ ತರಿಸಬೇಕೆಂದು ತೀರ್ಮಾನಿಸುವವರು ಯಾರು, ಹೊಗೆ ಕುಡಿಯುವವರು ಯಾರು?