ಚಪಾತಿ ಇಳಿಯದು, ಐಸ್‌ಕ್ರೀಂ ಇಳಿಯುತ್ತದೆ

ವಯಸ್ಸು 46. ಮೆಲ್ಬರ್ನ್‌ನಲ್ಲಿದ್ದಾಗ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡು 28 ಕೆ.ಜಿ. ಇಳಿದಿದ್ದೆ. ಈಗ ಊರಿಗೆ ಮರಳಿದ್ದೇನೆ. ಎರಡು ತಿಂಗಳಿಂದ ಚಪಾತಿ, ಅನ್ನ ಎದೆಯಲ್ಲೇ ನಿಂತು ವಾಂತಿಯಾಗುತ್ತದೆ. ಮಲಗಿದರೆ ಹುಳಿ ನೀರು, ಕೆಮ್ಮು. ಐಸ್‌ಕ್ರೀಂ ಮಾತ್ರ ಸಲೀಸು. ತೂಕ ಮತ್ತೆ ಏರುತ್ತಿದೆ.
– ಓದುಗರು, ಮೈಸೂರು

ಬ್ಯಾಂಡ್ ಅತಿಯಾಗಿ ಬಿಗಿಯಾಗಿರಬಹುದು, ಇಲ್ಲವೇ ಜಾರಿರಬಹುದು. ವಾಂತಿಗಿಂತ ನನಗೆ ಚಿಂತೆ ನಿಮ್ಮ ರಾತ್ರಿಯ ಕೆಮ್ಮಿನದು. ಹುಳಿ ನೀರು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಅಸಿಡಿಟಿ ಮಾತ್ರೆ ನುಂಗುತ್ತ ಕೂರದೆ ಈ ವಾರವೇ ಬೇರಿಯಾಟ್ರಿಕ್ ಸರ್ಜನ್‌ರನ್ನು ಕಾಣಿ. ಈಗ ಬ್ಯಾಂಡ್ ಹಾಕುವುದೇ ಅಪರೂಪ. ಹಾಗಾಗಿ 'ಬ್ಯಾಂಡ್ ಸಡಿಲಿಸುತ್ತೀರಾ, ಹ್ಯೂಬರ್ ಸೂಜಿ ಇದೆಯೇ?' ಎಂದು ಮೊದಲೇ ಫೋನಿನಲ್ಲಿ ಕೇಳಿ. ಬ್ಯಾಂಡಿಗೆ ಸಲೈನ್ ತುಂಬುವ, ತೆಗೆಯುವ ಚರ್ಮದಡಿಯ ಪೋರ್ಟ್‌ಗೆ ಮಾಮೂಲಿ ಸೂಜಿ ಚುಚ್ಚಿದರೆ ಅದು ಸೋರತೊಡಗಬಹುದು. ಬ್ಯಾಂಡಿನ ಮಾದರಿ, ಒಳಗಿರುವ ಸಲೈನ್ ಎಷ್ಟು ಮಿ.ಲೀ. ಎಂಬ ದಾಖಲೆಯನ್ನು ಹಳೆಯ ಆಸ್ಪತ್ರೆಯಿಂದ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಸಲೈನ್ ತೆಗೆದರೆ ಬಹಳಷ್ಟು ಜನರಿಗೆ ಅಂದೇ ಹಾಯೆನಿಸುತ್ತದೆ. ಬೇರಿಯಂ ಎಕ್ಸ್‌ರೇ, ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಜಾರಿದ್ದು ಅಥವಾ ಜಠರದ ಗೋಡೆ ಕೊರೆದದ್ದು ಕಂಡರೆ ತೆಗೆಸುವುದೇ ಸರಿ. ಆಮೇಲೆ ತೂಕ ಇಳಿಸುವ ಸ್ಲೀವ್ ಅಥವಾ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಬೇಕೇ ಎಂದು ನಿಧಾನವಾಗಿ ಯೋಚಿಸಬಹುದು.

ಅಲ್ಲಿಯವರೆಗೆ ತೆಳು ಬೇಳೆ, ಮಜ್ಜಿಗೆ, ನುಣ್ಣನೆಯ ರಾಗಿ ಅಂಬಲಿಯಲ್ಲಿರಿ. ಮುದ್ದೆ ಬೇಡ; ನಾವು ಅದನ್ನು ಅಗಿಯದೆ ನುಂಗುವವರು! ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಬೇಡ. ಪದೇಪದೇ ವಾಂತಿಯಾದರೆ ಥಯಾಮಿನ್ (ವಿಟಮಿನ್ ಬಿ1) ಕುಸಿಯಬಹುದು, ವೈದ್ಯರಿಗೆ ಇದನ್ನು ನೆನಪಿಸಿ.

ನೀರು, ಎಂಜಲೂ ಇಳಿಯದಿದ್ದರೆ, ಹೊಟ್ಟೆನೋವು ಜೋರಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.